ಮಳೆಗಾಲದ ಗ್ಯಾಲಗಾ: ಹಳೆಯ ಟಿವಿ ವಿಡಿಯೋ ಗೇಮನ್ನು ಒಣಗಿಸಿ, ಜೋಡಿಸಿ, ಆಡುವ ಸಮಗ್ರ ಮಾರ್ಗದರ್ಶಿ

ಮೂಡಿಗೆರೆಯ ನಮ್ಮ ಮನೆಯ ಅಟ್ಟದಲ್ಲಿ ಹಳೆಯ ಪಾತ್ರೆಗಳ ಹಿಂದೆ, ಗೋಣಿಚೀಲದಲ್ಲಿ ಸುತ್ತಿಟ್ಟ ಒಂದು ಟಿವಿ ವಿಡಿಯೋ ಗೇಮ್ ಬಹಳ ವರ್ಷಗಳಿಂದ ಇತ್ತು. ಮಳೆಯಿಂದಾಗಿ ಶಾಲೆಗಳಿಗೆ ರಜೆ ಘೋಷಣೆಯಾಗಿದ್ದ ಒಂದು ವಾರ, ಹಾಸನದಿಂದ ಬಂದಿದ್ದ ಅಕ್ಕನ ಮಗ ಅದನ್ನು ಹುಡುಕಿ ಕೆಳಗಿಳಿಸಿದ. ಅದನ್ನು ಮತ್ತೆ ಆಡುವ ಸ್ಥಿತಿಗೆ ತರಲು ಎರಡು ದಿನ ಬೇಕಾಯಿತು; ಅದರಲ್ಲಿರುವ ಗ್ಯಾಲಗಾ ಎಂಬ ಆಕಾಶಯುದ್ಧದ ಆಟವನ್ನು ಸರಿಯಾಗಿ ಆಡುವುದನ್ನು ಅವನಿಗೆ ಕಲಿಸಲು ಉಳಿದ ರಜೆಯೆಲ್ಲ ಹಿಡಿಯಿತು. ಆ ಎರಡೂ ಕೆಲಸಗಳನ್ನು, ಮಾಡಿದ ಕ್ರಮದಲ್ಲಿಯೇ, ಇಲ್ಲಿ ವಿವರಿಸುತ್ತಿದ್ದೇನೆ.

ಮೊದಲು ಕೈಯಲ್ಲಿರುವ ವಸ್ತು ಯಾವುದೆಂದು ತಿಳಿದಿರಬೇಕು. ಜಪಾನಿನ ನಿಂಟೆಂಡೊ ಸಂಸ್ಥೆಯು 1983ರ ಜುಲೈ 15ರಂದು ಫ್ಯಾಮಿಕಾಮ್ ಎಂಬ ಮನೆಬಳಕೆಯ ಗೇಮ್ ಯಂತ್ರವನ್ನು ಬಿಡುಗಡೆ ಮಾಡಿತು. 1990ರ ದಶಕದಲ್ಲಿ ನಮ್ಮ ಊರುಗಳ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿಯೂ ಜಾತ್ರೆಯ ಮಳಿಗೆಗಳಲ್ಲಿಯೂ ‘ಟಿವಿ ವಿಡಿಯೋ ಗೇಮ್’ ಎಂದು ಮಾರಾಟವಾದವುಗಳಲ್ಲಿ ಬಹುಪಾಲು ಆ ಯಂತ್ರದ ನಕಲುಗಳೇ. ಹೊರಗಿನ ಪ್ಲಾಸ್ಟಿಕ್ ಕವಚ ಬೇರೆ ಬೇರೆ ಆಕಾರದ್ದಾಗಿದ್ದರೂ ಒಳಗಿನ ಕೆಲಸ ಒಂದೇ, ಕ್ಯಾಸೆಟ್ಟೂ ಒಂದೇ. ಗ್ಯಾಲಗಾ ಆಟವನ್ನು ನಾಮ್ಕೊ ಸಂಸ್ಥೆಯು 1981ರಲ್ಲಿ ಕಾಸು ಹಾಕಿ ಆಡುವ ದೊಡ್ಡ ಯಂತ್ರಕ್ಕಾಗಿ ತಯಾರಿಸಿತು. 1985ರಲ್ಲಿ ಅದು ಫ್ಯಾಮಿಕಾಮಿಗೆ ಬಂತು. 1979ರ ಗ್ಯಾಲಕ್ಸಿಯನ್ ಆಟದ ಮುಂದುವರಿಕೆ ಇದು. ಎರಡೂ ಒಂದೇ ಕ್ಯಾಸೆಟ್ಟಿನಲ್ಲಿ ಇರುವುದುಂಟು. ನೋಡಲು ಹೋಲುತ್ತವೆ, ಆದರೆ ಆಡುವ ವಿಧಾನ ಬೇರೆ. ನೌಕೆಯನ್ನು ಸೆಳೆದೊಯ್ಯುವ ಶತ್ರು ಇದ್ದರೆ ಅದು ಗ್ಯಾಲಗಾ ಎಂದು ತಿಳಿಯಿರಿ.

ಕ್ಯಾಸೆಟ್ಟಿನ ಮೇಲೆ ‘9999999 ಇನ್ 1’ ಎಂದು ಬರೆದಿದ್ದರೆ ಹಿಗ್ಗಬೇಕಾಗಿಲ್ಲ. ಪಟ್ಟಿಯನ್ನು ಕೆಳಗೆ ಸರಿಸುತ್ತ ಹೋದರೆ ಅವೇ ಕೆಲವು ಆಟಗಳು ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತವೆ. ಕೆಲವು ನಮೂದುಗಳಲ್ಲಿ ಆಟ ನಡುವಿನ ಸ್ಟೇಜಿನಿಂದ ಆರಂಭವಾಗುತ್ತದೆ. ಕಲಿಯುವವರು ಮೊದಲನೆಯ ಸ್ಟೇಜಿನಿಂದ ತೊಡಗುವ ಗ್ಯಾಲಗಾವನ್ನೇ ಹುಡುಕಿ, ಅದರ ಕ್ರಮಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲ ಹಂತ: ತೇವ ತೆಗೆಯುವುದು

ಕಾಫಿ ಕಣದಲ್ಲಿ ಬೀಜ ಒಣಗಿಸಿದವರಿಗೆ ತೇವ ಏನು ಮಾಡುತ್ತದೆಂದು ಹೇಳಿಕೊಡಬೇಕಿಲ್ಲ. ಮಲೆನಾಡಿನ ಮನೆಯಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವಾಗ, ಕ್ಯಾಸೆಟ್ಟಿನೊಳಗಿನ ತೆಳುವಾದ ಲೋಹದ ಪಟ್ಟಿಗಳು ಮಾಸದೆ ಉಳಿಯುವುದಿಲ್ಲ. ಫ್ಯಾಮಿಕಾಮ್ ಮಾದರಿಯ ಕ್ಯಾಸೆಟ್ಟಿನ ಅಡಿಯಲ್ಲಿ ಇಂಥ 60 ಪಟ್ಟಿಗಳಿವೆ, ಒಂದೊಂದು ಬದಿಗೆ 30ರಂತೆ. ಯಂತ್ರದ ಬಾಯಿಯೊಳಗಿನ ಸ್ಪ್ರಿಂಗುಗಳನ್ನು ಇವು ಮುಟ್ಟಿದರೆ ಮಾತ್ರ ಆಟದ ಮಾಹಿತಿ ಯಂತ್ರಕ್ಕೆ ತಲುಪುತ್ತದೆ. ಅವುಗಳಲ್ಲಿ ಒಂದೆರಡು ಮುಟ್ಟದಿದ್ದರೂ ಪರದೆಯ ಮೇಲೆ ಬೂದು ಬಣ್ಣ, ಚೌಕಗಳ ಕಲಸುಮೇಲೋಗರ ಅಥವಾ ಅರ್ಧ ಅಕ್ಷರಗಳು ಕಾಣುತ್ತವೆ. ಯಂತ್ರ ಕೆಟ್ಟಿದೆ ಎಂದು ಗುಜರಿಗೆ ಹಾಕಿದವುಗಳಲ್ಲಿ ಬಹಳಷ್ಟಕ್ಕೆ ಇದ್ದ ರೋಗ ಇಷ್ಟೇ ಎಂಬುದು ನನ್ನ ಅಂದಾಜು.

ಕ್ಯಾಸೆಟ್ಟಿಗೆ ಬಾಯಿಂದ ಉಫ್ ಎಂದು ಊದುವುದು ನಮ್ಮ ಕಾಲದ ಎಲ್ಲ ಹುಡುಗರ ಚಿಕಿತ್ಸೆಯಾಗಿತ್ತು. ಅದನ್ನು ಬಿಟ್ಟುಬಿಡಿ. ಊದಿದ ಉಸಿರಿನಲ್ಲಿ ತೇವವಿರುತ್ತದೆ, ಅದು ಲೋಹವನ್ನು ಇನ್ನಷ್ಟು ಮಾಸಿಸುತ್ತದೆ. ಊದಿದ ಮೇಲೆ ಆಟ ಬಂದಂತೆ ಅನ್ನಿಸುತ್ತಿದ್ದುದು, ಕ್ಯಾಸೆಟ್ಟನ್ನು ತೆಗೆದು ಮತ್ತೆ ಹಾಕಿದಾಗ ಪಟ್ಟಿಗಳು ತುಸು ಉಜ್ಜಿಕೊಂಡು ಸರಿಯಾಗಿ ಕೂರುತ್ತಿದ್ದುದರಿಂದ. ಅದರ ಬದಲು ಐಸೊಪ್ರೊಪೈಲ್ ಆಲ್ಕೊಹಾಲನ್ನು ತನ್ನಿ. ಮೊಬೈಲ್ ರಿಪೇರಿ ಮಾಡುವವರ ಬಳಿ ಇದು ಇದ್ದೇ ಇರುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅದರಲ್ಲಿ ಅದ್ದಿ, ಹಿಂಡಿ, ಪಟ್ಟಿಗಳ ಉದ್ದಕ್ಕೂ ಮೇಲಿನಿಂದ ಕೆಳಗೆ ಒರೆಸಿ. ಹತ್ತಿ ಕಪ್ಪಾಗುತ್ತದೆ, ಕಪ್ಪಾಗುವುದು ನಿಲ್ಲುವವರೆಗೆ ಕಡ್ಡಿ ಬದಲಿಸುತ್ತ ಮುಂದುವರಿಸಿ. ಕೊರೊನಾ ಕಾಲದಲ್ಲಿ ಉಳಿದುಹೋದ ಸ್ಯಾನಿಟೈಸರನ್ನು ಬಳಸೋಣವೆಂದು ಅನ್ನಿಸಬಹುದು, ಆದರೆ ಅವುಗಳಲ್ಲಿ ಹಲವಕ್ಕೆ ಕೈ ಒಣಗದಿರಲೆಂದು ಗ್ಲಿಸರಿನ್ ಸೇರಿಸಿರುತ್ತಾರೆ. ಅದು ಅಂಟಾಗಿ ಉಳಿದು ಧೂಳು ಹಿಡಿಯುತ್ತದೆ. ಹಠ ಹಿಡಿದ ಕಲೆಗೆ ಬಿಳಿ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಎರಡು ಸಲ ಉಜ್ಜಬಹುದು. ಹೆಚ್ಚು ಉಜ್ಜಿದರೆ ಮೇಲಿನ ಲೇಪವೇ ಹೋಗುತ್ತದೆ.

ಯಂತ್ರದ ಬಾಯಿಗೆ ಕಡ್ಡಿ ಹೋಗುವುದಿಲ್ಲ. ಹಳೆಯ ವಿಸಿಟಿಂಗ್ ಕಾರ್ಡಿಗೆ ನೂಲು ಬಿಡದ ತೆಳು ಬಟ್ಟೆಯನ್ನು ಸುತ್ತಿ, ಆಲ್ಕೊಹಾಲ್ ಸ್ವಲ್ಪವೇ ತಾಕಿಸಿ, ಕ್ಯಾಸೆಟ್ ಹಾಕುವಂತೆ ನೇರವಾಗಿ ಇಳಿಸಿ ತೆಗೆಯಿರಿ. ಬಟ್ಟೆ ಕ್ಯಾಸೆಟ್ಟಿನ ಹಲಗೆಗಿಂತ ದಪ್ಪವಾಗಬಾರದು, ಸ್ಪ್ರಿಂಗುಗಳು ಅಗಲವಾಗಿಬಿಟ್ಟರೆ ಮತ್ತೆ ಹತ್ತಿರ ಬರುವುದಿಲ್ಲ. ಇವೆಲ್ಲವನ್ನೂ ಮಾಡುವಾಗ ವಿದ್ಯುತ್ ಸಂಪರ್ಕ ತೆಗೆದಿರಬೇಕು, ಮಾಡಿದ ಮೇಲೆ ಒಂದು ಗಂಟೆ ಒಣಗಲು ಬಿಡಬೇಕು. ಮಳೆಗಾಲದಲ್ಲಿ ನಾನು ಒಲೆಯ ಕೋಣೆಯ ಬೆಚ್ಚಗಿನ ಅಟ್ಟಣಿಗೆಯಲ್ಲಿ ಇಡೀ ರಾತ್ರಿ ಇಟ್ಟೆ. ಹೊಗೆ ತಾಗದ ಜಾಗ ನೋಡಿಕೊಳ್ಳಿ.

ಎರಡನೆಯ ಹಂತ: ಅಡಾಪ್ಟರ್

ಹಳೆಯ ಯಂತ್ರವನ್ನು ಸುಟ್ಟುಹಾಕುವ ಅತಿ ಸುಲಭದ ದಾರಿಯೆಂದರೆ ಮನೆಯಲ್ಲಿ ಸಿಕ್ಕಿದ ಯಾವುದೋ ಅಡಾಪ್ಟರನ್ನು ಚುಚ್ಚುವುದು. ಯಂತ್ರದ ತಳದಲ್ಲಿ ಬರೆದಿರುವ ಮೂರು ವಿಷಯಗಳನ್ನು ಅಡಾಪ್ಟರಿನ ಮೇಲಿನ ಬರಹದೊಂದಿಗೆ ಹೋಲಿಸಿ ನೋಡಿ: ವೋಲ್ಟೇಜ್ ಒಂದೇ ಇರಬೇಕು, ಕರೆಂಟಿನ ಸಾಮರ್ಥ್ಯ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚಿರಬೇಕು, ಪಿನ್ನಿನ ಮಧ್ಯಭಾಗ ಧನವೋ ಋಣವೋ ಎಂದು ತೋರಿಸುವ ಚಿಹ್ನೆ ಹೊಂದಬೇಕು. ಮೂಲ ಫ್ಯಾಮಿಕಾಮಿನಲ್ಲಿ ಮಧ್ಯಭಾಗ ಋಣವಾಗಿತ್ತು, ಈಗಿನ ಸಾಮಾನ್ಯ ಅಡಾಪ್ಟರುಗಳಲ್ಲಿ ಮಧ್ಯಭಾಗ ಧನ; ಆದ್ದರಿಂದ ಊಹೆ ಮಾಡಿ ಚುಚ್ಚಬೇಡಿ. ಹವ್ಯಾಸಕ್ಕಾಗಿ ಜಪಾನಿನಿಂದಲೇ ಮೂಲ ಯಂತ್ರವನ್ನು ತರಿಸಿಕೊಂಡವರು ಅದರ ಅಡಾಪ್ಟರನ್ನು ನಮ್ಮ ಗೋಡೆಯ ಪ್ಲಗ್ಗಿಗೆ ಹಾಕಲೇಬಾರದು, ಅದು 100 ವೋಲ್ಟಿಗಾಗಿ ಮಾಡಿದ್ದು. ತೋಟದ ಮನೆಗಳಲ್ಲಿ ಸಂಜೆ ವೋಲ್ಟೇಜ್ ಏರಿಳಿಯುವುದು ಎಲ್ಲರಿಗೂ ಗೊತ್ತಿರುವುದರಿಂದ, ಟಿವಿಯ ಸ್ಟೆಬಿಲೈಸರಿಗೇ ಇದನ್ನೂ ಸೇರಿಸಿಬಿಡಿ.

ಮೂರನೆಯ ಹಂತ: ಟಿವಿ

ಯಂತ್ರದ ಬದಿಯಲ್ಲಿ ಹಳದಿ ಮತ್ತು ಬಿಳಿ ತೂತುಗಳಿದ್ದರೆ ಹಳದಿ ಚಿತ್ರಕ್ಕೆ, ಬಿಳಿ ಧ್ವನಿಗೆ. ಟಿವಿಯ ಎವಿ ಇನ್‌ಪುಟ್ಟಿನಲ್ಲಿ ಅದೇ ಬಣ್ಣಗಳಿಗೆ ಜೋಡಿಸಿ. ಆ ತೂತುಗಳಿಲ್ಲದೆ ಆಂಟೆನಾ ವೈರ್ ಮಾತ್ರ ಇದ್ದರೆ, ಯಂತ್ರವನ್ನು ಆನ್ ಮಾಡಿಟ್ಟು ಟಿವಿಯಲ್ಲಿ ಚಾನೆಲ್ ಹುಡುಕಾಟ ನಡೆಸಬೇಕು. ಆಟದ ಚಿತ್ರ ಸಿಕ್ಕಲ್ಲಿ ನಿಲ್ಲಿಸಿ ಸೇವ್ ಮಾಡಿ.

ಆಯ್ಕೆ ಇದ್ದರೆ ಹಳೆಯ ದಪ್ಪ ಟಿವಿಯನ್ನೇ ಬಳಸಿ. ಇದು ಹಳೆಯದರ ಮೇಲಿನ ಮೋಹದ ಮಾತಲ್ಲ. ಚಪ್ಪಟೆ ಟಿವಿಗಳು ಬಂದ ಚಿತ್ರವನ್ನು ತಮ್ಮ ಪರದೆಯ ಅಳತೆಗೆ ಹಿಗ್ಗಿಸಿ, ತಿದ್ದಿ, ಆಮೇಲೆ ತೋರಿಸುತ್ತವೆ. ಈ ತಿದ್ದುವಿಕೆಗೆ ಹಿಡಿಯುವ ಕ್ಷಣಾರ್ಧದಲ್ಲಿ ಶತ್ರುವಿನ ಗುಂಡು ನೌಕೆಗೆ ತಾಗಿರುತ್ತದೆ. ಬಟನ್ ಒತ್ತಿದ್ದಕ್ಕೂ ನೌಕೆ ಸರಿದದ್ದಕ್ಕೂ ನಡುವೆ ಅಂತರ ಕಂಡರೆ ತಪ್ಪು ನಿಮ್ಮ ಹೆಬ್ಬೆರಳಿನದ್ದಲ್ಲ. ಚಪ್ಪಟೆ ಟಿವಿಯೇ ಗತಿಯಾದರೆ ಅದರ ಚಿತ್ರದ ಸೆಟ್ಟಿಂಗುಗಳಲ್ಲಿ ಗೇಮ್ ಮೋಡ್ ಆರಿಸಿ, ಚಿತ್ರವನ್ನು ಅಗಲಕ್ಕೆ ಎಳೆಯದೆ 4:3ಕ್ಕೆ ಇಡಿ. ಎವಿಯನ್ನು ಎಚ್‌ಡಿಎಂಐಗೆ ಬದಲಿಸುವ ಅಗ್ಗದ ಡಬ್ಬಿಗಳು ಈ ವಿಳಂಬವನ್ನು ಇನ್ನಷ್ಟು ಹೆಚ್ಚಿಸಬಹುದು. ಟಿವಿಯಲ್ಲಿ ಎವಿ ತೂತು ಇರುವಾಗ ಅವುಗಳ ಗೊಡವೆಗೆ ಹೋಗಬೇಡಿ.

ಶತ್ರುಗಳು ಒಂದೇ ಅಡ್ಡಸಾಲಿನಲ್ಲಿ ಹೆಚ್ಚಾಗಿ ಸೇರಿದಾಗ ಕೆಲವು ಮಿನುಗಿ ಮಾಯವಾದಂತೆ ಕಾಣಬಹುದು. ಈ ಯಂತ್ರವು ಪರದೆಯ ಒಂದು ಗೆರೆಯ ಮೇಲೆ ಏಕಕಾಲಕ್ಕೆ 8 ಚಲಿಸುವ ಚಿತ್ರಗಳನ್ನಷ್ಟೇ ಬಿಡಿಸಬಲ್ಲದು. ಮಿನುಗುವುದು ಆ ಮಿತಿಯ ಲಕ್ಷಣ, ದೋಷವಲ್ಲ. ಇನ್ನೊಂದು ವಿಷಯ: ಜಪಾನಿನ ಟಿವಿ ಪದ್ಧತಿ ಸೆಕೆಂಡಿಗೆ 60 ಬಾರಿ ಚಿತ್ರ ಹೊಸದಾಗಿಸಿದರೆ ನಮ್ಮ ಪಾಲ್ ಪದ್ಧತಿ 50 ಬಾರಿ ಮಾಡುತ್ತದೆ. ಆಟದ ನಡೆ ಆ ಎಣಿಕೆಗೆ ಕಟ್ಟುಬಿದ್ದಿರುವುದರಿಂದ, ಪಾಲ್ ನಕಲು ಯಂತ್ರದಲ್ಲಿ ಅದು ಸುಮಾರು ಆರನೆಯ ಒಂದು ಭಾಗದಷ್ಟು ನಿಧಾನ. ಮೊಬೈಲಿನಲ್ಲಿ ಆಡಿ ಅಭ್ಯಾಸವಾದ ಅಳಿಯನಿಗೆ ಮೊದಲ ದಿನ ಇದು ಹಾಸನದ ಬಸ್ಸು ಚಾರ್ಮಾಡಿ ಘಾಟಿ ಹತ್ತಿದಂತೆ ಅನ್ನಿಸಿತು. ಎರಡನೆಯ ದಿನಕ್ಕೆ ಒಗ್ಗಿಕೊಂಡ.

ನಾಲ್ಕನೆಯ ಹಂತ: ಎರಡು ಗುಂಡಿನ ಲೆಕ್ಕ

ಸೆಲೆಕ್ಟ್ ಒತ್ತಿ ಒಬ್ಬರ ಆಟವನ್ನು ಆರಿಸಿ, ಸ್ಟಾರ್ಟ್ ಒತ್ತಿದರೆ ಮೂರು ನೌಕೆಗಳೊಂದಿಗೆ ಆಟ ಆರಂಭವಾಗುತ್ತದೆ. ನೌಕೆ ಎಡಕ್ಕೂ ಬಲಕ್ಕೂ ಮಾತ್ರ ಸರಿಯುತ್ತದೆ. ಎ ಬಟನ್ ಗುಂಡು ಹಾರಿಸುತ್ತದೆ. ಕಲಿಯಬೇಕಾದ ಬಟನ್ನುಗಳು ಇಷ್ಟೇ.

ಇನ್ನು ಮುಂದೆ ಹೇಳುವುದೆಲ್ಲ ಒಂದು ನಿಯಮದ ಮೇಲೆ ನಿಂತಿದೆ. ನಿಮ್ಮ ನೌಕೆಯಿಂದ ಹೊರಟ ಗುಂಡುಗಳು ಪರದೆಯ ಮೇಲೆ ಒಂದು ಹೊತ್ತಿಗೆ ಎರಡಕ್ಕಿಂತ ಹೆಚ್ಚು ಇರಲಾರವು. ಎರಡೂ ಹಾರುತ್ತಿರುವಾಗ ಬಟನ್ನನ್ನು ಎಷ್ಟು ಒತ್ತಿದರೂ ಮೂರನೆಯದು ಹೊರಡುವುದಿಲ್ಲ. ಗುರಿ ತಾಗಿದ ಗುಂಡು ಅಲ್ಲಿಯೇ ಮುಗಿಯುವುದರಿಂದ ಅದರ ಜಾಗ ಕೂಡಲೇ ತೆರವಾಗುತ್ತದೆ; ತಪ್ಪಿದ ಗುಂಡು ಪರದೆಯ ಮೇಲಂಚನ್ನು ಮುಟ್ಟುವವರೆಗೆ ಜಾಗ ಹಿಡಿದುಕೊಂಡಿರುತ್ತದೆ. ಎಂದರೆ, ಗುರಿಯಿಡದೆ ಎರಡು ಗುಂಡು ಹಾರಿಸಿದವನು ಅವು ಖಾಲಿ ಆಕಾಶವನ್ನು ದಾಟುವ ತನಕ ಬರಿಗೈಯಲ್ಲಿ ನಿಂತಿರುತ್ತಾನೆ. ಹತ್ತಿರ ಬಂದ ಶತ್ರುವಿಗೆ ಹೊಡೆದವನ ಬಂದೂಕು ಮಾತ್ರ ತಕ್ಷಣವೇ ಮತ್ತೆ ಸಿದ್ಧವಾಗುತ್ತದೆ. ನಕಲು ರಿಮೋಟುಗಳಲ್ಲಿ ಒತ್ತಿ ಹಿಡಿದರೆ ತಾನೇ ಗುಂಡು ಸುರಿಸುವ ಟರ್ಬೊ ಬಟನ್ನುಗಳಿರುತ್ತವೆ. ಮಕ್ಕಳ ಕೈ ಮೊದಲು ಹೋಗುವುದು ಅವುಗಳ ಮೇಲೆಯೇ. ಬೇರೆ ಆಟಗಳಲ್ಲಿ ಅವು ಉಪಕಾರಿಯಾಗಬಹುದು. ಗ್ಯಾಲಗಾದಲ್ಲಿ ಅವು ಎರಡು ಗುಂಡುಗಳನ್ನೂ ಬೇಗ ಬೇಗ ಪೋಲು ಮಾಡುತ್ತವೆ, ಅಷ್ಟೇ. ನಾನು ಅಳಿಯನ ರಿಮೋಟಿನ ಟರ್ಬೊ ಬಟನ್ನುಗಳ ಮೇಲೆ ಟೇಪ್ ಅಂಟಿಸಿದೆ.

ಆಟ ಮುಗಿದಾಗ ಎಷ್ಟು ಗುಂಡು ಹಾರಿಸಿದಿರಿ, ಎಷ್ಟು ತಾಗಿದವು, ಅವುಗಳ ಶೇಕಡಾ ಪ್ರಮಾಣ ಎಷ್ಟು ಎಂಬುದನ್ನು ಪರದೆ ತೋರಿಸುತ್ತದೆ. ಆರಂಭದ ದಿನಗಳಲ್ಲಿ ಅಂಕಗಳಿಗಿಂತ ಈ ಶೇಕಡಾ ಸಂಖ್ಯೆಯನ್ನೇ ಗಮನಿಸುವಂತೆ ಸೂಚಿಸುತ್ತೇನೆ.

ಐದನೆಯ ಹಂತ: ಬರುವಾಗಲೇ ಹೊಡೆಯುವುದು

ಪ್ರತಿ ಸ್ಟೇಜಿನಲ್ಲಿ 40 ಶತ್ರುಗಳು, ಎಂಟೆಂಟರ ಐದು ಗುಂಪುಗಳಾಗಿ ಸುತ್ತುತ್ತ ಬಂದು ಮೇಲ್ಭಾಗದಲ್ಲಿ ಸಾಲುಗಟ್ಟುತ್ತವೆ: 20 ಜೇನುನೊಣಗಳು, 16 ಚಿಟ್ಟೆಗಳು, ತುದಿಯ ಸಾಲಿನಲ್ಲಿ 4 ಬಾಸ್‌ಗಳು. ಪೂರ್ತಿ ಸಾಲುಗಟ್ಟಿದ ಮೇಲೆ ಅವು ಎರಗಲು ತೊಡಗುತ್ತವೆ. ಹೊಸಬರು ಸಾಲು ಪೂರ್ಣವಾಗಲಿ ಎಂದು ಕಾಯುತ್ತಾರೆ. ಅದು ದೊಡ್ಡ ನಷ್ಟ. ಬರುವ ಗುಂಪು ಒಂದರ ಹಿಂದೊಂದು ಒಂದೇ ದಾರಿಯಲ್ಲಿ ಬರುತ್ತದೆ. ಆ ದಾರಿ ನಿಮ್ಮ ತಲೆಯ ಮೇಲೆ ಹಾದುಹೋಗುವ ಒಂದು ಜಾಗವನ್ನು ಗುರುತಿಸಿ ಅಲ್ಲಿಯೇ ನಿಂತರೆ, ನೀವು ಅಟ್ಟಿಸಿಕೊಂಡು ಹೋಗಬೇಕಾಗಿಲ್ಲ, ಅವೇ ಗುಂಡಿನೆದುರು ಬರುತ್ತವೆ. ಮೊದಲ ಸ್ಟೇಜಿನಲ್ಲಿ ಮೊದಲ ಗುಂಪು ಮೇಲಿನಿಂದ ಬರುತ್ತದೆ, ಆಗ ನಡುವಿನಲ್ಲಿರಿ. ಎರಡನೆಯ ಮತ್ತು ಮೂರನೆಯ ಗುಂಪುಗಳು ಪಕ್ಕಗಳಿಂದ ನುಗ್ಗಿ ಸುತ್ತು ಹಾಕುತ್ತವೆ. ನಾಲ್ಕೈದು ಆಟಗಳಲ್ಲಿ ಈ ದಾರಿಗಳು ಬಾಯಿಪಾಠವಾಗುತ್ತವೆ. ಮುಂದಿನ ಸ್ಟೇಜುಗಳಲ್ಲಿ ಅವು ಬರುವಾಗಲೇ ಗುಂಡು ಹಾರಿಸುವುದರಿಂದ, ನಿಂತ ಜಾಗದಿಂದ ಒಂದು ನೌಕೆಯ ಅಗಲದಷ್ಟು ಅತ್ತಿತ್ತ ಸರಿಯಲು ಸಿದ್ಧರಾಗಿರಬೇಕು.

ಎರಗುವಾಗ ಮೂಲೆಗೆ ಹೋಗಬೇಡಿ. ಮೂಲೆಯಲ್ಲಿ ತಪ್ಪಿಸಿಕೊಳ್ಳಲು ಒಂದೇ ದಿಕ್ಕು ಉಳಿದಿರುತ್ತದೆ, ಶತ್ರುವಿನ ವಕ್ರದಾರಿ ಬಹುತೇಕ ಅದೇ ದಿಕ್ಕಿನಿಂದ ಬಂದಿರುತ್ತದೆ. ಪರದೆಯ ಮಧ್ಯದ ಮೂರನೆಯ ಒಂದು ಭಾಗವನ್ನು ಮನೆಯೆಂದುಕೊಂಡು, ಹೊರಗೆ ಹೋದರೂ ಬೇಗ ಮರಳಿ. ಕೊನೆಯ ನಾಲ್ಕಾರು ಶತ್ರುಗಳು ಸಾಲಿಗೆ ಮರಳದೆ ಬಿಡುವಿಲ್ಲದೆ ಎರಗುತ್ತವೆ. ಸ್ಟೇಜ್ ಮುಗಿಯಿತೆಂದು ಉಸಿರುಬಿಟ್ಟು ನೌಕೆ ಕಳೆದುಕೊಳ್ಳುವುದು ಅಲ್ಲಿಯೇ.

ಅಂಕಗಳ ವ್ಯತ್ಯಾಸವೂ ತಾಳ್ಮೆಯನ್ನೇ ಬೇಡುತ್ತದೆ. ಸಾಲಿನಲ್ಲಿ ಕುಳಿತ ಜೇನುನೊಣಕ್ಕೆ 50, ಎರಗುವಾಗ ಹೊಡೆದರೆ 100. ಚಿಟ್ಟೆಗೆ 80 ಮತ್ತು 160. ಸಾಲಿನಲ್ಲಿರುವ ಬಾಸ್‌ಗೆ 150 ಮಾತ್ರ, ಒಂಟಿಯಾಗಿ ಎರಗುವಾಗ 400, ಒಂದು ಚಿಟ್ಟೆಯ ಬೆಂಗಾವಲಿದ್ದರೆ 800, ಎರಡಿದ್ದರೆ 1600. ಕುಳಿತಿರುವ ನಾಲ್ಕೂ ಬಾಸ್‌ಗಳನ್ನು ಕೆಡವಿದರೆ ಸಿಗುವುದು 600. ಎರಡು ಚಿಟ್ಟೆಗಳೊಂದಿಗೆ ಇಳಿದು ಬರುವ ಒಂದೇ ಬಾಸ್ ಅದಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು ಕೊಡುತ್ತದೆ. ಆದ್ದರಿಂದ ಬೆಂಗಾವಲಿಗಿಂತ ಮೊದಲು ಬಾಸ್‌ಗೆ ಗುರಿಯಿಡಿ. ಬಾಸ್ ಸಾಯಲು ಎರಡು ಗುಂಡು ಬೇಕು. ಮೊದಲನೆಯದು ತಾಗಿದಾಗ ಅದರ ಬಣ್ಣ ಬದಲಾಗುತ್ತದೆ.

ಆರನೆಯ ಹಂತ: ನೌಕೆಯನ್ನು ಕೊಟ್ಟು ಪಡೆಯುವುದು

ಆಗಾಗ ಒಂದು ಬಾಸ್ ಇಳಿದು, ಆಕಾಶದ ನಡುವೆ ನಿಂತು, ಬೀಸಣಿಗೆಯಂತೆ ಅಗಲವಾಗುವ ಕಿರಣವನ್ನು ಕೆಳಕ್ಕೆ ಚೆಲ್ಲುತ್ತದೆ. ಅದರೊಳಗೆ ಸಿಕ್ಕ ನೌಕೆ ತಿರುಗುತ್ತ ಮೇಲೇರಿ, ಕೆಂಪಾಗಿ, ಬಾಸ್‌ನ ಬಳಿ ಸೆರೆಯಾಳಾಗುತ್ತದೆ. ಇದನ್ನು ತಪ್ಪಿಸಿಕೊಳ್ಳಬೇಕಾದ ಅಪಾಯವೆಂದು ಬಹಳ ಜನ ತಿಳಿಯುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ಆಟದ ಅತ್ಯುತ್ತಮ ವ್ಯಾಪಾರ. ಸೆರೆಯಾದ ನೌಕೆಯನ್ನು ಬಿಡಿಸಿಕೊಂಡರೆ ಅದು ಈಗಿನ ನೌಕೆಯ ಪಕ್ಕಕ್ಕೆ ಬಂದು ಜೋಡಿಯಾಗುತ್ತದೆ, ಒಂದು ಒತ್ತಿಗೆ ಎರಡು ಗುಂಡು ಒಟ್ಟಿಗೆ ಹೊರಡುತ್ತವೆ. ಹಿಂದೆ ಹೇಳಿದ ಎರಡರ ಮಿತಿ ಆಗ ಎರಡು ಜೋಡಿಗಳ ಮಿತಿಯಾಗುತ್ತದೆ.

ಕ್ರಮ ಹೀಗೆ. ಇದನ್ನು ಮೊದಲ ಅಥವಾ ಎರಡನೆಯ ಸ್ಟೇಜಿನಲ್ಲಿ, ಗುಂಡಿನ ಮಳೆ ಕಡಿಮೆಯಿರುವಾಗಲೇ ಮಾಡಿ ಮುಗಿಸಿ. ಕೈಯಲ್ಲಿ ಕಾದಿಟ್ಟ ನೌಕೆ ಕನಿಷ್ಠ ಒಂದಾದರೂ ಇರಬೇಕು, ಏಕೆಂದರೆ ಕೊನೆಯ ನೌಕೆ ಸೆರೆಯಾದರೆ ಆಟವೇ ಮುಗಿಯುತ್ತದೆ. ಉಳಿದ ಶತ್ರುಗಳನ್ನು ಆದಷ್ಟು ತೆರವು ಮಾಡಿ, ಬಾಸ್‌ಗಳನ್ನು ಉಳಿಸಿಕೊಳ್ಳಿ. ಸಾಧ್ಯವಾದರೆ ಬಾಸ್‌ಗೆ ಮೊದಲೇ ಒಂದು ಗುಂಡು ತಾಗಿಸಿ ಬಣ್ಣ ಬದಲಾಗುವಂತೆ ಮಾಡಿಡಿ. ಆಮೇಲೆ ಬಿಡಿಸಿಕೊಳ್ಳುವಾಗ ಒಂದೇ ಗುಂಡು ಸಾಕಾಗುತ್ತದೆ. ಕಿರಣ ಚೆಲ್ಲಿದ ಕೂಡಲೇ ಗುಂಡು ನಿಲ್ಲಿಸಿ ಅದರೊಳಗೆ ಹೋಗಿ ನಿಲ್ಲಿ. ನಾನು ಮೊದಲ ಸಲ ಹೀಗೆ ಮಾಡಿದಾಗ ಅಳಿಯ “ಮಾಮ, ಹಡಗು ಕೊಟ್ಟೇಬಿಟ್ರಲ್ಲ!” ಎಂದು ಎದ್ದು ನಿಂತಿದ್ದ.

ಇನ್ನು ಕಾಯಬೇಕು. ಸೆರೆಯಾಳನ್ನು ಇಟ್ಟುಕೊಂಡ ಬಾಸ್ ಸಾಲಿನಲ್ಲಿರುವಾಗ ಅದರ ಕೆಳಗಿನ ನೇರಕ್ಕೆ ಗುಂಡು ಹಾರಿಸಲೇಬೇಡಿ. ಅಲ್ಲಿಯೇ ಅದು ಸತ್ತರೆ ನಿಮ್ಮ ನೌಕೆ ಬಿಡುಗಡೆಯಾಗುವುದಿಲ್ಲ, ಶತ್ರುವಾಗಿ ನಿಮ್ಮ ಮೇಲೆಯೇ ಎರಗುತ್ತದೆ. ಬಾಸ್ ಸೆರೆಯಾಳಿನೊಂದಿಗೆ ಕೆಳಗೆ ಎರಗಿ ಬರುವಾಗ ಮಾತ್ರ ಹೊಡೆಯಬೇಕು. ಆಗ ಸೆರೆಯಾದ ನೌಕೆ ಅದರ ಬೆನ್ನ ಹಿಂದಿರುತ್ತದೆ. ಬಾಸ್‌ಗೆ ತಪ್ಪಿದ ಗುಂಡು ಅದಕ್ಕೆ ತಾಗಿದರೆ ಸ್ವಂತ ನೌಕೆಯನ್ನು ಸ್ವಂತ ಕೈಯಾರೆ ಕಳೆದುಕೊಂಡಂತೆ. ಆದಕಾರಣ ದೂರದಿಂದ ಸುರಿಸದೆ, ಬಾಸ್ ಅರ್ಧಕ್ಕಿಂತ ಕೆಳಗಿಳಿದು ನಿಮ್ಮ ನೇರಕ್ಕೆ ಬರುವ ತನಕ ತಡೆದು, ಒಂದೊಂದಾಗಿ ಹಾರಿಸಿ. ಅದು ನೇರಕ್ಕೆ ಬರದೆ ಹೊರಗೆ ಹೋದರೆ ಹೋಗಲಿ. ಮೇಲಿನಿಂದ ಮತ್ತೆ ಬಂದು ಸಾಲು ಸೇರುತ್ತದೆ, ಇನ್ನೊಂದು ಅವಕಾಶ ಸಿಗುತ್ತದೆ.

ಜೋಡಿಯಾದ ಮೇಲೆ ನೌಕೆಯ ಅಗಲ ಇಮ್ಮಡಿಯಾಗಿರುವುದನ್ನು ಮರೆಯಬೇಡಿ. ಹಿಂದೆ ನುಸುಳುತ್ತಿದ್ದ ಸಂದುಗಳಲ್ಲಿ ಈಗ ನುಸುಳಲಾಗದು. ಒಂದಕ್ಕೆ ಗುಂಡು ತಾಗಿದರೆ ಇನ್ನೊಂದು ಉಳಿಯುತ್ತದೆ ಎಂಬುದೊಂದು ಸಮಾಧಾನ. ಎರಡರ ನಡುಗೆರೆಯನ್ನು ಬಿಟ್ಟು, ಎಡ ನೌಕೆಯನ್ನೋ ಬಲ ನೌಕೆಯನ್ನೋ ಲೆಕ್ಕಕ್ಕೆ ಇಟ್ಟುಕೊಂಡು ಗುರಿಯಿಡುವುದನ್ನು ರೂಢಿಸಿಕೊಂಡರೆ ಗುರಿ ತಪ್ಪುವುದು ಕಡಿಮೆಯಾಗುತ್ತದೆ.

ಏಳನೆಯ ಹಂತ: ಚಾಲೆಂಜಿಂಗ್ ಸ್ಟೇಜ್

ಮೂರನೆಯದು, ಏಳನೆಯದು, ಹನ್ನೊಂದನೆಯದು, ಹೀಗೆ ನಾಲ್ಕಕ್ಕೊಂದು ಸ್ಟೇಜಿನಲ್ಲಿ ಶತ್ರುಗಳು ಗುಂಡು ಹಾರಿಸದೆ, ಸಾಲುಗಟ್ಟದೆ, ನಾಟ್ಯದಂತೆ ಸುಳಿದು ಹೊರಟುಹೋಗುತ್ತವೆ. 40ನ್ನೂ ಕೆಡವಿದರೆ 10,000 ಅಂಕಗಳ ಬೋನಸ್. ಜೋಡಿ ನೌಕೆಯೊಂದಿಗೆ ಇಲ್ಲಿಗೆ ತಲುಪುವುದೇ ಮೊದಲೆರಡು ಸ್ಟೇಜುಗಳ ಗುರಿಯಾಗಿರಲಿ. 20,000 ಅಂಕಗಳಿಗೆ ಒಂದು ಹೊಸ ನೌಕೆ, 70,000ಕ್ಕೆ ಇನ್ನೊಂದು, ಆಮೇಲೆ ಪ್ರತಿ 70,000ಕ್ಕೆ ಒಂದರಂತೆ ಸಿಗುತ್ತದೆ. ಆದ್ದರಿಂದ ಮೂರನೆಯ ಸ್ಟೇಜಿನ 10,000 ಕೈಗೆ ಬಂದರೆ ಆರನೆಯ ಹಂತದಲ್ಲಿ ಪಣಕ್ಕಿಟ್ಟ ನೌಕೆಯ ಬೆಲೆ ಬಡ್ಡಿಸಹಿತ ಮರಳಿದಂತೆಯೇ.

ಎತ್ತಿಡುವುದು

ಕ್ಯಾಸೆಟ್ಟಿನಲ್ಲಿ ಅಂಕಗಳು ಉಳಿಯುವುದಿಲ್ಲ. ಸ್ವಿಚ್ ಆರಿಸಿದ ಕ್ಷಣದಲ್ಲಿ, ಅಥವಾ ಕರೆಂಟ್ ಹೋದ ಕ್ಷಣದಲ್ಲಿ, ಎಲ್ಲವೂ ಅಳಿಸಿಹೋಗುತ್ತವೆ. ಮಳೆಗಾಲದ ಮೂಡಿಗೆರೆಯಲ್ಲಿ ಎರಡನೆಯದೇ ಹೆಚ್ಚು. ಆಟ ಮುಗಿದೊಡನೆ ಅಂಕವನ್ನೂ ಗುರಿಯ ಶೇಕಡಾ ಸಂಖ್ಯೆಯನ್ನೂ ಬರೆದಿಡಿ. ನಮ್ಮಲ್ಲಿ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ಹಿಂಬದಿ ಈ ಕೆಲಸಕ್ಕೆ ಮೀಸಲಾಗಿದೆ. ಯಂತ್ರವನ್ನು ಆರಿಸಿದ ಮೇಲೆಯೇ ಕ್ಯಾಸೆಟ್ಟನ್ನು ಹೊರತೆಗೆಯಿರಿ, ಚಾಲೂ ಇರುವಾಗ ಕೀಳಬೇಡಿ. ಅಡಾಪ್ಟರನ್ನೂ ಗೋಡೆಯಿಂದ ತೆಗೆದಿಡಿ, ಗುಡುಗು ಮಿಂಚಿನ ದಿನಗಳಲ್ಲಂತೂ ಮರೆಯಲೇಬೇಡಿ. ಎಲ್ಲವನ್ನೂ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಹೊಸ ಚಪ್ಪಲಿ ಅಥವಾ ಬ್ಯಾಗಿನೊಂದಿಗೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇರಿಸಿ. ರಿಮೋಟಿನ ವೈರನ್ನು ಬಿಗಿಯಾಗಿ ಸುತ್ತದೆ ಸಡಿಲವಾಗಿ ಮಡಚಿ. ಬಿಗಿ ಸುತ್ತಿದರೆ ಅದು ಬುಡದಲ್ಲಿಯೇ ಒಳಗೆ ತುಂಡಾಗುತ್ತದೆ, ನೌಕೆ ಬಲಕ್ಕೆ ಮಾತ್ರ ಹೋಗುವ ರಿಮೋಟೊಂದು ನಮ್ಮ ಅಟ್ಟದಲ್ಲಿ ಇನ್ನೂ ಇದೆ.